ಬಲಗೈ ಹೆಬ್ಬೆಟ್ಟು

"ಇದರಾಗ ಒಂದೂ ಎಡಗೈ ಹೆಬ್ಬೆಟ್ಟಿಲ್ಲರಿ ಸರ್."

ಶಾಮಲಾ ಭೂತಗನ್ನಡಿ ಕೆಳಗಿಟ್ಟು ಕಣ್ಣುಜ್ಜಿಕೊಂಡಳು. ಬೆರಳಚ್ಚು ವಿಭಾಗದಲ್ಲಿ ಹನ್ನೊಂದು ವರ್ಷ ಸವೆಸಿದವಳು. ಮೂರು ದಿನದಿಂದ ಇದೇ ಹಾಳೆಗಳ ಮೇಲೆ ಬಗ್ಗಿ ಬಗ್ಗಿ ಅವಳ ಕುತ್ತಿಗೆ ಹಿಡಿದುಕೊಂಡಿತ್ತು.

ಎದುರಿನ ಕುರ್ಚಿಯಲ್ಲಿ ವಿಜಿಲೆನ್ಸ್ ಇನ್‌ಸ್ಪೆಕ್ಟರ್ ಜಯತೀರ್ಥ ಚಪ್ಪಲಿ ಕಳಚಿ ಕೂತಿದ್ದ. ನಿವೃತ್ತಿಗೆ ಏಳು ತಿಂಗಳು. ಏಪ್ರಿಲ್ ಬಿಸಿಲಿಗೆ ಅವನ ಪಾದಗಳು ಬೆಳಗಿನ ಹನ್ನೊಂದಕ್ಕೇ ಊದಿಕೊಂಡಿದ್ದವು.

"ಒಂದೂ ಇಲ್ಲಾ?"

"ಇನ್ನೂರ ಹದಿನಾಲ್ಕರಾಗ ಒಂದೂ ಇಲ್ಲ."

ಗಡಿ ಕಡೆಯ ಎಕ್ಕನಹಾಳದ ರೈತರಿಗೆ ಆಲಿಕಲ್ಲು ಮಳೆಯ ಬೆಳೆನಷ್ಟಕ್ಕೆಂದು ಸರಕಾರ ಕೊಟ್ಟ ಸಬ್ಸಿಡಿಯ ಪಾವತಿ ಪಟ್ಟಿ ಅದು. ಅದನ್ನು ಹಂಚಬೇಕಾಗಿದ್ದ ಗುಮಾಸ್ತ ಹಣಮಂತರಾಯ ಹದಿನಾರು ದಿನದ ಹಿಂದೆ ಹೈದರಾಬಾದಿನ ನಾಂಪಲ್ಲಿ ಸ್ಟೇಷನ್ನಿನಾಚೆ ಹಳಿಯ ಮೇಲೆ ಹೆಣವಾಗಿ ಸಿಕ್ಕಿದ್ದ. ಹಣವನ್ನೆಲ್ಲ ಅವನೇ ನುಂಗಿದ್ದನೆಂದು ಸಹಿಯಿಲ್ಲದ ಪತ್ರವೊಂದು ವಿಜಿಲೆನ್ಸಿಗೆ ಬಂದಿತ್ತು.

"ಸುಳಿ ನೋಡ್ರಿ," ಎಂದು ಶಾಮಲಾ ಪೆನ್ಸಿಲ್ ತುದಿಯಿಂದ ತೋರಿಸಿದಳು. "ಎಲ್ಲಾ ಬಲಕ್ಕ ವಾಲ್ಯಾವ. ಎಡಗೈ ಆಗಿದ್ರ ಹೆಚ್ಚಿನವು ಎಡಕ್ಕ ವಾಲಬೇಕು. ಪಟ್ಟಿಯಾಗಿನ ಹೆಸರು ನೋಡಿದ್ರ ಬಹುತೇಕ ಗಂಡಸರವು. ಯಾವ ಆಫೀಸಿಗೆ ಹೋದ್ರೂ ಗಂಡಸು ಎಡಗೈ ಒತ್ತತಾನ. ಬಲಗೈ ಕೊಡೋರು ಹೆಣ್ಮಕ್ಕಳು."

"ಅಂದ್ರ ಹೆಣ್ಮಕ್ಕಳು ಒತ್ತ್ಯಾರ."

"ಹತ್ತೊಂಬತ್ತು ಮಂದಿ. ಅವೇ ಹತ್ತೊಂಬತ್ತು ಬಟ್ಟು, ಮತ್ತ ಮತ್ತ. ಎಣಿಸಿ ಎಣಿಸಿ ಸಾಕಾತರಿ."

ಜಯತೀರ್ಥ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಅವನ ಕಣ್ಣಿಗೆ ಎಲ್ಲವೂ ನೇರಳೆ ಮಚ್ಚೆಗಳೇ.

"ಇನ್ನೊಂದೈತಿ," ಎಂದಳು ಶಾಮಲಾ. "ಹತ್ತೊಂಬತ್ತರಾಗ ಹದಿನಾರಕ್ಕ ಹೆಬ್ಬೆಟ್ಟಿನ ಅಡ್ಡಕ್ಕ ಒಂದು ಪಟ್ಟಿ. ಅಲ್ಲಿ ಗೆರಿನೇ ಇಲ್ಲ. ಸುಟ್ಟು ನುಣ್ಣಗಾಗ್ಯಾವ. ಹೋದ ವರ್ಷ ನಾಚಾರಂ ಕಡೆ ಒಂದು ಕಳವಿನ ಕೇಸಿನ್ಯಾಗ ಇಂಥಾದ್ದ ನೋಡಿದ್ದೆ. ಪ್ಲಾಸ್ಟಿಕ್ ಚೀಲದ ಬಾಯಿಗೆ ಬಿಸಿ ಪಟ್ಟಿ ಒತ್ತತಾರಲ್ಲರಿ, ಆ ಕೆಲಸದ ಹೆಣ್ಮಕ್ಕಳಿಗೆ ಹಿಂಗ ಆಕ್ಕೈತಿ."

"ನಾಚಾರಮ್ಮಿನ್ಯಾಗ ಎಷ್ಟು ಚೀಲದ ಫ್ಯಾಕ್ಟರಿ ಅವ?"

"ನನಗ ಬೆರಳು ಗೊತ್ತರಿ ಸರ್. ಫ್ಯಾಕ್ಟರಿ ನೀವ ನೋಡ್ಕೋಬೇಕು."

ಅವಳು ನಗಲಿಲ್ಲ. ಅವನೂ ನಗಲಿಲ್ಲ. ಬಗ್ಗಿ ಚಪ್ಪಲಿಯೊಳಗೆ ಪಾದ ತೂರಿಸುವುದೇ ಅವನಿಗೊಂದು ಕೆಲಸವಾಯಿತು.

*

ಮೊದಲ ಎರಡು ಫ್ಯಾಕ್ಟರಿಗಳಲ್ಲಿ ಗಂಡಸರೇ ಇದ್ದರು. ಮೂರನೆಯದು ರಸ್ತೆಯ ಕೊನೆಯಲ್ಲಿ, ತಗಡಿನ ಶೆಡ್ಡು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಗೇಟಿನವರೆಗೂ ಬಂದಿತ್ತು. ಊಟದ ಗಂಟೆ ಆಗಷ್ಟೇ ಹೊಡೆದಿತ್ತು. ಗೋಡೆಯ ನೆರಳಿನಲ್ಲಿ ಹೆಂಗಸರು ಸಾಲಾಗಿ ಕೂತು ಬುತ್ತಿ ಬಿಚ್ಚುತ್ತಿದ್ದರು.

ಜಯತೀರ್ಥ ತೆಲುಗಿನಲ್ಲಿ ಯಾವೂರು ಎಂದು ಕೇಳಿದ. ಇಲ್ಲಿಯವರೇ ಎಂದು ಒಬ್ಬಳು ತೆಲುಗಿನಲ್ಲೇ ಹೇಳಿ ಮುಖ ತಿರುಗಿಸಿದಳು.

ಅವರ ಬುತ್ತಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಲೆ ಕಂಡಿತು.

"ರೊಟ್ಟಿ ನೋಡಿದ್ರ ಹಂಗ ಅನಸೂದಿಲ್ಲ," ಎಂದ ಅವನು, ಕನ್ನಡದಲ್ಲಿ.

ಸಾಲಿನವರೆಲ್ಲ ಅವನತ್ತ ತಿರುಗಿದರು. ತುದಿಯಲ್ಲಿ ಕೂತಿದ್ದ, ಐವತ್ತು ದಾಟಿದ ಹೆಂಗಸೊಬ್ಬಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಪಕ್ಕದಲ್ಲಿದ್ದ ಚೀಲದ ಕಟ್ಟನ್ನು ಅವನ ಕಡೆ ದೂಡಿದಳು.

"ಕುಂದರ್ರಿ. ಕಾಲು ಬಾತಾವ ನಿಮ್ಮವು."

ಅವಳ ಹೆಸರು ಶರಣಬಸಮ್ಮ. ಅಲ್ಲಿ ಕೂತವರೆಲ್ಲ ಒಂದೇ ಊರಿನವರು.

"ಯಾವ ಊರಮ್ಮ?"

"ಎಕ್ಕನಹಾಳರಿ. ಈಗ ಇಲ್ಲ ಅದು."

"ಇಲ್ಲ ಅಂದ್ರ?"

"ನೀರಾಗ ಐತ್ರಿ. ಹಳ್ಳಕ್ಕ ಅಣೆಕಟ್ಟು ಕಟ್ಟಿದ್ರು. ಆರು ವರ್ಷ ಆತು. ಬ್ಯಾಸಗ್ಯಾಗ ನಮ್ಮ ಓಣಿ ಹುಣಸಿ ಮರದ ತುದಿ ಒಂದು ಕಾಣಸ್ತೈತಂತ, ನೋಡಿ ಬಂದೋರು ಹೇಳತಾರ."

ಜಯತೀರ್ಥ ಕೈಯಲ್ಲಿದ್ದ ಹಾಳೆಗಳನ್ನು ನೋಡಿದ. ಈ ವರ್ಷದ ಫೆಬ್ರವರಿಯಲ್ಲಿ ಎಕ್ಕನಹಾಳದ ಕಡಲೆ ಬೆಳೆ ಆಲಿಕಲ್ಲಿಗೆ ಸಿಕ್ಕು ಪೂರ್ತಿ ಹಾಳಾಯಿತೆಂದು ಅದರಲ್ಲಿ ಬರೆದಿತ್ತು. ಅಧಿಕಾರಿಯೊಬ್ಬ ಖುದ್ದು ಹೊಲಗಳಿಗೆ ಹೋಗಿ ನೋಡಿ ದೃಢೀಕರಿಸಿದ್ದ.

"ಊರು ಬಿಡಸ್ದಾಗ ಹೊಲದ ರೊಕ್ಕ ಕೊಟ್ರೇನು?"

"ಕೊಡತೀವಿ ಅಂದ್ರು. ಫೈಲು ಹೈದರಾಬಾದಿನ್ಯಾಗ ಐತಿ ಅಂದ್ರು. ಅದಕ್ಕ ನಾವೂ ಹೈದರಾಬಾದಿಗೆ ಬಂದ್ವಿ." ಅವಳು ರೊಟ್ಟಿ ಮುರಿದಳು. "ಫೈಲು ಸಿಗಲಿಲ್ಲ. ಚೀಲದ ಕೆಲಸ ಸಿಕ್ತು."

ಅವನು ಪಟ್ಟಿ ಬಿಚ್ಚಿ ಅವಳ ಮುಂದೆ ಹಿಡಿದ. ಶರಣಬಸಮ್ಮ ಹೆದರಲಿಲ್ಲ. ಬಲಗೈ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡು ತೋರಿಸಿದಳು. ಬೆರಳಿನ ಅಡ್ಡಕ್ಕೆ ನುಣುಪಾದ ಬಿಳಿ ಪಟ್ಟಿಯಿತ್ತು.

"ಮೊದಲ್ನೇದು ನಂದ. ನಾನ ಒತ್ತೀನಿ. ಎದುರಿಗೆ ಯಾರ ಹೆಸರೈತಿ ಓದ್ರಿ."

"ಮಲ್ಲಣ್ಣ, ತಂದೆ ಚನ್ನಬಸಪ್ಪ. ನಾಲ್ಕು ಎಕರೆ."

"ನಮ್ಮ ಯಜಮಾನರರಿ. ಹ್ವಾದ ಶ್ರಾವಣದಾಗ ತೀರ್ಕೊಂಡ್ರು." ಅವಳು ಬೆರಳನ್ನು ಕೆಳಗಿನ ಸಾಲಿಗೆ ಸರಿಸಿದಳು. "ಮುಂದಿಂದು ಓದ್ರಿ."

ಅವನು ಓದಿದ. ಯಾಕೆ ಓದುತ್ತಿದ್ದೇನೆಂದು ಅವನಿಗೆ ಸ್ಪಷ್ಟವಿರಲಿಲ್ಲ. ಒಂದೊಂದು ಹೆಸರಿಗೂ ಸಾಲಿನಲ್ಲಿ ಒಬ್ಬಳು ಉತ್ತರ ಕೊಡುತ್ತ ಹೋದಳು.

"ಸೋಲಾಪುರದಾಗ ಅದಾನ."

"ಬೀದರ ಕಡೆ ಇಟ್ಟಂಗಿ ಭಟ್ಟಿಗೆ ಹೋದ್ರು. ಸುದ್ದಿನ ಇಲ್ಲ."

"ನಮ್ಮ ಮಾವರಿ. ಮನ್ಯಾಗ ಹಾಸಿಗಿ ಹಿಡದಾರ."

"ಅಂವ ಇಲ್ಲ."

ಇನ್ನೂರ ಹದಿನಾಲ್ಕು ಹೆಸರೂ ನಿಜವಾದ ಹೆಸರುಗಳು. ಹೊಲ ಕಳೆದುಕೊಂಡ ಮನೆಗಳವು. ಹತ್ತಿರ ಸಿಕ್ಕ ಹತ್ತೊಂಬತ್ತು ಹೆಂಗಸರು ಚದುರಿಹೋದ ಇಡೀ ಊರಿನ ಪರವಾಗಿ ಹೆಬ್ಬೆಟ್ಟು ಒತ್ತಿದ್ದರು.

"ಒತ್ತಿಸಿದೋರು ಯಾರು?"

"ಹಣಮಂತರಾಯ. ನಮ್ಮೂರ ಕುಲಕರ್ಣ್ಯಾರ ಮಗ. ಸರಕಾರ ಹೊಲದ ರೊಕ್ಕ ಕೊಡವಲ್ದು, ಅದು ಕೊಡೂತನಕ ಕಾಗದದ ಮ್ಯಾಲ ನಿಮ್ಮ ಹೊಲ ನಿಮ್ಮವ ಅಂದ. ಹೊಲ ಇತ್ತಂದ್ರ ಆಲಿಕಲ್ಲಿನ ರೊಕ್ಕಾನೂ ಬರಬೇಕಲ್ಲ ಅಂದ. ಸಿದ್ದರಾಮಪ್ಪ ಸಾಹೇಬರು ಹೂಂ ಅಂದಾರ, ಬರೂ ಐತವಾರ ರೊಕ್ಕ ತರತೀನಿ ಅಂದು ಹ್ವಾದ."

"ತಂದನೇನು?"

"ಮೂರು ಐತವಾರ ಆತು. ನಾವೂ ಕಾಯಾಕತ್ತೀವಿ. ನುಂಗಿದ ಅಂತ ದಿನಾ ಬೈಯಾಕತ್ತೀವಿ."

ಜಯತೀರ್ಥ ಪಟ್ಟಿ ಮಡಚಿದ. ಇದನ್ನು ಹೇಳಲು ಸರಿಯಾದ ದಾರಿ ಮೂವತ್ತು ವರ್ಷದ ನೌಕರಿಯಲ್ಲಿ ಅವನಿಗೆ ಗೊತ್ತಾಗಿರಲಿಲ್ಲ.

"ಅವರು ತೀರಿಕೊಂಡಾರಮ್ಮ. ಮೊದಲನೇ ಐತವಾರದ ಹಿಂದಿನ ದಿನಾನ. ರೈಲಿನ ಹಳಿ ಮ್ಯಾಲೆ ಸಿಕ್ಕರು."

ಯಾರೂ ಅಳಲಿಲ್ಲ. ಶರಣಬಸಮ್ಮ ಕೈಯಲ್ಲಿದ್ದ ರೊಟ್ಟಿಯನ್ನು ಬುತ್ತಿಗೆ ವಾಪಸು ಇಟ್ಟು ಬಟ್ಟೆ ಕಟ್ಟಿದಳು. ಗಂಟು ಬಿಗಿಯಾಗಿ ಕೂರುವತನಕ ಎಳೆದಳು.

"ಸತ್ತ ಮನಿಷ್ಯಾಗ ಬೈದ್ವಲ್ಲ ಯಪ್ಪಾ," ಎಂದಳು ಕೊನೆಗೆ.

ಒಳಗೆ ಗಂಟೆ ಹೊಡೆಯಿತು. ಹೆಂಗಸರು ಒಬ್ಬೊಬ್ಬರಾಗಿ ಎದ್ದು ಹೋದರು.

*

ನಾಂಪಲ್ಲಿಯ ಪರಿಹಾರ ವಿಭಾಗದ ಕಚೇರಿಗೆ ಅವನು ಬಂದು ಮುಟ್ಟಿದಾಗ ನಾಲ್ಕು ಗಂಟೆ. ಸೂಪರಿಂಟೆಂಡೆಂಟ್ ಸಿದ್ದರಾಮಪ್ಪನ ಕೋಣೆಯ ಬಾಗಿಲು ಪೂರ್ತಿ ತೆರೆದಿತ್ತು. ಹೊಸ್ತಿಲಿಗೆ ಅಡ್ಡವಾಗಿ ಜವಾನನೊಬ್ಬ ಸ್ಟೂಲು ಹಾಕಿಕೊಂಡು ಕೂತಿದ್ದ.

"ಬರ್ರಿ ರಾಯರ," ಎಂದ ಸಿದ್ದರಾಮಪ್ಪ. ಎದ್ದು ನಿಲ್ಲಲಿಲ್ಲ. ಅಗಲ ಮುಖದ, ಅಚ್ಚುಕಟ್ಟಾಗಿ ವಿಭೂತಿ ಹಚ್ಚಿದ ಮನುಷ್ಯ. ಅವನ ಕಣ್ಣಿನ ಕೆಳಗೆ ಕಪ್ಪಾಗಿತ್ತು. "ಚಹಾ ತರಸ್ಲೇನು?"

"ಬ್ಯಾಡ್ರಿ. ಬಾಗಲಾ ಮುಚ್ಚಸ್ತೀರೇನು?"

"ಇರ್ಲಿ ಬಿಡ್ರಿ. ಗಾಳಿ ಬರತೈತಿ."

ಗಾಳಿ ಇರಲಿಲ್ಲ. ಜಯತೀರ್ಥ ಕೂತ.

"ಎಕ್ಕನಹಾಳಕ್ಕ ಹೋಗಿದ್ರೇನ್ರಿ ಸಿದ್ದರಾಮಪ್ಪನವರ?"

"ಹೋಗಿದ್ದೆ. ರಿಪೋರ್ಟಿನ್ಯಾಗ ಬರದೀನಿ."

"ಖುದ್ದು ಹೊಲ ನೋಡಿದ್ರಿ."

"ನೋಡಿದೆ. ಕಡ್ಲಿ ಪೂರಾ ಹಾಳಾಗಿತ್ತು."

"ದೋಣ್ಯಾಗ ಹೋಗಿದ್ರೇನು?"

ಸಿದ್ದರಾಮಪ್ಪ ಮೇಜಿನ ಮೇಲಿದ್ದ ಪೇಪರ್‌ವೇಟನ್ನು ಒಮ್ಮೆ ತಿರುಗಿಸಿದ. ಅದು ನಿಲ್ಲುವತನಕ ನೋಡುತ್ತಿದ್ದ.

"ನಾಚಾರಮ್ಮಿಗೆ ಹೋಗಿ ಬಂದ್ರಿ ಅಂದಂಗಾತು," ಎಂದ.

"ಹೋಗಿ ಬಂದೆ. ಆ ಹೆಣ್ಮಕ್ಕಳಿಗೆ ಒಂದು ರೂಪಾಯಿ ಮುಟ್ಟಿಲ್ಲ. ಬಿಲ್ಲಿಗೆ ಸಹಿ ಮಾಡಿದೋರು ನೀವು. ಹಣ ಎತ್ತಿದಾಂವ ಸತ್ತಾನ. ರೊಕ್ಕ ಎಲ್ಲಿ?"

"ಖಜಾನಿಯೊಳಗ."

"ಏನಂದ್ರಿ?"

ಸಿದ್ದರಾಮಪ್ಪ ಡ್ರಾಯರಿನಿಂದ ಒಂದು ಚಲನ್ ತೆಗೆದು ಮೇಜಿನ ಮೇಲಿಟ್ಟ. ಹಂಚಿಕೆಯಾಗದ ಹಣವೆಂದು ಪೂರ್ತಿ ಮೊತ್ತವನ್ನು ಖಜಾನೆಗೆ ಮರಳಿ ಕಟ್ಟಿದ ರಸೀದಿ ಅದು. ತಾರೀಕು ಮಾರ್ಚ್ ಇಪ್ಪತ್ನಾಲ್ಕು. ಹಣಮಂತರಾಯ ಬದುಕಿದ್ದ ಕೊನೆಯ ದಿನ.

"ಅಂವನ ಕಟ್ಟಿ ಬಂದ. ಪೈ ಸೈತ ಇಟ್ಟುಕೊಳ್ಳಲಿಲ್ಲ."

"ಇದನ್ನ ಹದಿನಾರು ದಿನ ಯಾಕ ಮುಚ್ಚಿಟ್ರಿ? ಆತನ್ನ ಕಳ್ಳ ಅಂತ ಬರದು ಫೈಲು ಮುಚ್ಚೋರಿದ್ವಿ ನಾವು."

"ಗೊತ್ತೈತಿ."

"ಗೊತ್ತಿದ್ದೂ ಸುಮ್ನ ಕೂತ್ರಿ."

"ಅಂಜಿ ಕೂತೆನ್ರಿ."

"ಯಾರಿಗೆ?"

"ನಿಮಗ."

ಹೊಸ್ತಿಲ ಬಳಿ ಸ್ಟೂಲು ಕಿರುಗುಟ್ಟಿತು. ಜವಾನ ಒಳಗೆ ಇಣುಕಿ ಮತ್ತೆ ಅತ್ತ ತಿರುಗಿದ. ಬಾಗಿಲು ಯಾಕೆ ತೆರೆದಿದೆ ಎಂಬುದು ಜಯತೀರ್ಥನಿಗೆ ಈಗ ತಿಳಿಯಿತು.

"ಬಿಡಿಸಿ ಹೇಳ್ರಿ," ಎಂದ.

ಸಿದ್ದರಾಮಪ್ಪ ಮೇಜಿನ ಮೇಲೆ ಎರಡೂ ಕೈ ಊರಿದ. ಹೇಳತೊಡಗಿದಾಗ ಅವನ ದನಿಯಲ್ಲಿ ಜಗಳವಿರಲಿಲ್ಲ.

"ಮೂರು ವರ್ಷ ಆ ಹೊಲದ ಫೈಲಿನ ಹಿಂದ ಓಡ್ಯಾಡಿದ ಹಣಮಂತರಾಯ. ಇನ್ನೂ ಮಂಜೂರಾಗಿಲ್ಲ, ಇನ್ನೂ ಮಂಜೂರಾಗಿಲ್ಲ ಅಂತ ಎಲ್ಲಾ ಟೇಬಲ್ಲಿನ್ಯಾಗೂ ಅದ ಮಾತು. ಕಡೀಕ ಈ ಆಲಿಕಲ್ಲಿನ ದಾರಿ ಹುಡುಕಿದ. ಸುಳ್ಳು ಅಂತ ನನಗೂ ಗೊತ್ತಿತ್ತು, ಅವಗೂ ಗೊತ್ತಿತ್ತು. ನಾನೂ ಹಳ್ಳಿಯವನ್ರಿ. ಸಹಿ ಮಾಡಿದೆ. ನೌಕರಿ ಹೋದ್ರ ಹೋಗ್ಲಿ."

"ಮತ್ತ ವಾಪಸ್ ಯಾಕ ಕಟ್ಟಿದ?"

"ಪಟ್ಟಿಗೆ ಹೆಸರು ತಾಳೆ ನೋಡಾಕ ಹಳೇ ದಫ್ತರ ತಗಸಿದ್ದ. ಅದರಾಗ ಇನ್ನೊಂದು ಪಟ್ಟಿ ಸಿಕ್ತು. ಹೊಲದ ರೊಕ್ಕ ಐದು ವರ್ಷದ ಹಿಂದನ ಮಂಜೂರಾಗೇತ್ರಿ ರಾಯರ. ಮಂಜೂರಾಗಿ, ಎತ್ತಿ, ಹಂಚೀವಿ ಅಂತ ಬರದು, ಇನ್ನೂರ ಹದಿನಾಲ್ಕು ಹೆಬ್ಬೆಟ್ಟು ಒತ್ತಿಸಿ ಮುಗಿಸ್ಯಾರ. ಊರಿನ ಒಬ್ಬರಿಗೂ ರೊಕ್ಕ ಮುಟ್ಟಿಲ್ಲ."

ಜಯತೀರ್ಥ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡ.

"ಅವತ್ತ ಈ ಕುರ್ಚಿಮ್ಯಾಲ ಕೂತು ಹೇಳಿದ ಹಣಮಂತರಾಯ. ಆಲಿಕಲ್ಲಿನ ರೊಕ್ಕ ನಾ ಹಂಚಿದ್ರ ನಾವೂ ಕಳ್ಳರ ಆಕ್ಕೀವಿ, ಆವಾಗ ಈ ದೊಡ್ಡ ಕಳವಿನ ಬಗ್ಗೆ ಯಾವ ಬಾಯಿಲೆ ಮಾತಾಡೂದು ಅಂದ. ಅದಕ್ಕ ಕಟ್ಟಿ ಬಂದ. ನಾ ಆ ಹಳೇ ಪಟ್ಟಿದು ಒಂದು ಜೆರಾಕ್ಸ್ ಇಟಗೊಂಡೆ. ಆದ್ರ ಜೆರಾಕ್ಸಿನ್ಯಾಗ ಬಟ್ಟಿನ ಗೆರಿ ಮೂಡೂದಿಲ್ಲ. ಯಾರ ಬಟ್ಟು ಅಂತ ಗೊತ್ತಾಗಬೇಕಂದ್ರ ಅಸಲಿ ಕಾಗದ ಬೇಕು. ಅದು ಅಂವನ ಹತ್ರ ಇತ್ತು."

ಅವನು ಫೈಲಿನಿಂದ ಆ ಜೆರಾಕ್ಸಿನ ಕೊನೆಯ ಹಾಳೆಯನ್ನು ಎಳೆದು ಮುಂದೆ ದೂಡಿದ.

ಕೆಳಗೆ ಎರಡು ಸಹಿಗಳಿದ್ದವು.

ಮೊದಲನೆಯದು ಹಣ ಹಂಚಿದ ವಿಶೇಷಾಧಿಕಾರಿಯದು. ಪ್ರಾಣೇಶರಾವ್. ಜಯತೀರ್ಥನ ಹೆಂಡತಿ ಗೋದಾವರಿಯ ಸ್ವಂತ ಅಣ್ಣ.

ಎರಡನೆಯದರ ಮೇಲೆ ಎರಡು ಸಾಲು ಬರೆದಿತ್ತು. "ದೂರನ್ನು ಪರಿಶೀಲಿಸಲಾಗಿದೆ. ಹಣ ರೈತರಿಗೆ ತಲುಪಿರುತ್ತದೆ." ಅದರ ಕೆಳಗಿನ ಸಹಿ ಜಯತೀರ್ಥನದೇ.

ಅವನಿಗೆ ನೆನಪಾಯಿತು. ಐದು ವರ್ಷದ ಹಿಂದಿನ ಮೇ ತಿಂಗಳು. ಯಾರೋ ಒಂದು ಕಾರ್ಡು ಬರೆದಿದ್ದರು, ತಮ್ಮ ಹೊಲದ ಹಣ ಯಾರೋ ಎತ್ತಿದ್ದಾರೆಂದು ಕೇಳಿಬಂದಿದೆ ಎಂದು. ಅವತ್ತು ಪ್ರಾಣೇಶ ಮನೆಗೆ ಊಟಕ್ಕೆ ಬಂದಿದ್ದ. ಕೈತೊಳೆಯುತ್ತ, ಅಲ್ಲಿತನಕ ಯಾಕೆ ಹೋಗುತ್ತೀರಿ, ಬಸ್ಸಿಲ್ಲ, ಬಿಸಿಲು ಬೇರೆ, ನಾನೇ ಎದುರು ನಿಂತು ಹಂಚಿದ್ದೇನೆ ಎಂದಿದ್ದ. ಆ ವಾರ ಜಯತೀರ್ಥನ ಮೇಜಿನ ಮೇಲೆ ನಲವತ್ತು ಫೈಲುಗಳಿದ್ದವು. ಆಗಲೂ ಅವನಿಗೆ ದಣಿವಾಗಿತ್ತು. ಊರಿನ ಹೆಸರನ್ನೂ ಸರಿಯಾಗಿ ನೋಡದೆ ಸಹಿ ಮಾಡಿದ್ದ.

ಅವನು ಒಂದು ರೂಪಾಯಿಯನ್ನೂ ಮುಟ್ಟಿರಲಿಲ್ಲ. ಅದನ್ನು ಈಗ ಯಾರಿಗೆ ಹೇಳುವುದು?

"ನಾ ರೊಕ್ಕ ತಗೊಂಡಿಲ್ರಿ," ಎಂದ. ಹೇಳಿದ ಮೇಲೆ ತನ್ನ ಮಾತು ತನಗೇ ಸಣ್ಣದೆನಿಸಿತು.

"ಅಂವಾನೂ ಅದ ಅಂದ. ಜಯತೀರ್ಥರಾಯರು ತಗೊಳ್ಳೋರಲ್ಲ, ಅವರಿಗೆ ಮೋಸ ಆಗೇತಿ, ಅವರ ಮುಂದ ಕಾಗದ ಇಟ್ಟರ ಸಾಕು ಅಂದ. ನಿಮ್ಮ ಮನಿ ವಿಳಾಸ ನಾನ ಕೊಟ್ಟೆ."

"ನನ್ನ ಮನೀಗೆ ಅವರು ಬರಲಿಲ್ಲ."

ಸಿದ್ದರಾಮಪ್ಪ ಮೊದಲ ಬಾರಿಗೆ ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದ.

"ಬಂದಿದ್ದ. ಆಟೋದಾಗ ನಾನ ಬಿಟ್ಟು ಬಂದೀನಿ. ಹಿಮಾಯತ್‌ನಗರ, ಔಷಧದ ಅಂಗಡಿ ಬಾಜೂಕಿನ ಗಲ್ಲಿ, ಮ್ಯಾಲಿನ ಮನಿ. ನಾ ಕೆಳಗ ಆಟೋದಾಗ ಕೂತು ನೋಡಿದೆ. ನಿಮ್ಮ ಮನಿಯವರು ಬಾಗಲಾ ತಗದು ಒಳಗ ಕರಕೊಂಡ್ರು. ಮರುದಿನ ಹಳಿ ಮ್ಯಾಲ ಸಿಕ್ಕ." ಅವನು ಬಾಗಿಲ ಕಡೆ ಒಮ್ಮೆ ನೋಡಿದ. "ಈಗ ಹೇಳ್ರಿ, ನಾ ಯಾರಿಗೆ ಅಂಜಬೇಕಿತ್ತು?"

ಮಾರ್ಚ್ ಇಪ್ಪತ್ನಾಲ್ಕರಂದು ಜಯತೀರ್ಥ ವರಂಗಲ್ಲಿನಲ್ಲಿದ್ದ. ಮರುದಿನ ಮಧ್ಯಾಹ್ನ ಮರಳಿದ್ದ. ಹಣಮಂತರಾಯನ ಫೋಟೋ ಪತ್ರಿಕೆಯಲ್ಲಿ ಬಂದ ದಿನ ಗೋದಾವರಿ ಆ ಪುಟವನ್ನು ಅವನ ಎದುರಿಗೇ ನೋಡಿದ್ದಳು. ಈ ಕೇಸು ಅವನ ಕೈಗೆ ಬಂತೆಂದು ಹೇಳಿದ ದಿನವೂ ಅವಳು ಅನ್ನ ಬಡಿಸುತ್ತಿದ್ದಳು.

ಒಂದು ಮಾತೂ ಆಡಿರಲಿಲ್ಲ.

"ಈ ಜೆರಾಕ್ಸ್ ನನಗ ಬೇಕು," ಎಂದು ಎದ್ದ.

"ಒಯ್ಯಿರಿ. ನಾ ಇನ್ನೂ ಎರಡು ಮಾಡಿಸಿ ಬ್ಯಾರೆ ಬ್ಯಾರೆ ಕಡೆ ಇಟ್ಟೀನಿ." ಸಿದ್ದರಾಮಪ್ಪ ಫೈಲು ಮಡಚಿದ. "ತಪ್ಪು ತಿಳ್ಕೋಬ್ಯಾಡ್ರಿ."

"ಇಲ್ಲ. ಚಲೋ ಮಾಡೀರಿ."

*

ಮನೆಯ ಮೆಟ್ಟಿಲುಗಳನ್ನು ಅವನು ಎರಡು ಕಡೆ ನಿಂತು ನಿಂತು ಹತ್ತಿದ. ಆರು ಗಂಟೆಯಾಗಿತ್ತು. ಹೊರಗೆ ಇನ್ನೂ ಬಿಸಿಲಿನ ಬೆಳಕು, ಕೆಳಗಿನ ರಸ್ತೆಯಲ್ಲಿ ಅಂಗಡಿಗಳ ಗದ್ದಲ.

ಗೋದಾವರಿ ಅಡುಗೆಮನೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಚಹಾ ಇಡ್ಲೇನು?"

"ಹಣಮಂತರಾಯ ಅನ್ನೋರು ನಮ್ಮ ಮನೀಗೆ ಬಂದಿದ್ದರೇನು?"

ಅವಳ ಕೈ ನಿಂತಿತು. ಬಿಡಿಸಿದ ಎಲೆಗಳನ್ನು ಒಂದು ಕಡೆ, ದಂಟುಗಳನ್ನು ಒಂದು ಕಡೆ ಸರಿಸಿದಳು. ಮುಚ್ಚಿಡಬೇಕೆಂಬ ಆತುರ ಅವಳ ಮುಖದಲ್ಲಿ ಕಾಣಲಿಲ್ಲ. ಹೊತ್ತುಕೊಂಡಿದ್ದನ್ನು ಇಳಿಸಲು ಜಾಗ ಸಿಕ್ಕವಳಂತೆ ಇದ್ದಳು.

"ಬಂದಿದ್ದರು," ಎಂದಳು. "ಎರಡು ಸಲ ನೀರು ಕೇಳಿ ಕುಡದ್ರು. ನೀವು ಊರಾಗಿಲ್ಲ ಅಂದೆ. ನಾಳೆ ಬರ್ತೀನಿ ಅಂತ ಎದ್ದೋರು ಮತ್ತ ಕೂತ್ರು. ಕಾಗದ ತಗದು ತೋರಿಸಿದ್ರು. ಅಣ್ಣನ ಸಹಿ, ಬಾಜೂಕ ನಿಮ್ಮ ಸಹಿ."

"ಆಮ್ಯಾಲೆ?"

"ಅದು ಏನು, ಯಾರ ರೊಕ್ಕ, ಎಲ್ಲಾ ಬಿಡಿಸಿ ಹೇಳಿದ್ರು. ಏರಿಸಿ ಮಾತಾಡಲಿಲ್ಲ. ನಿಮ್ಮ ಮ್ಯಾಲೆ ಸಿಟ್ಟಿಲ್ಲ ಅಂದ್ರು. ಆದ್ರ ನನಗ ಏಳು ತಿಂಗಳದಾಗ ರಿಟೈರ್ ಆಗೋರು ಜೇಲಿಗೆ ಹೋಗ್ತಾರ ಅನಿಸ್ತು." ಅವಳು ಮಣೆಯಿಂದ ಎದ್ದಳು. "ಒಳಗ ಹೋಗಿ ಅಣ್ಣಗ ಫೋನ್ ಮಾಡಿದೆ."

ಜಯತೀರ್ಥ ಕುರ್ಚಿಗಾಗಿ ಕೈ ಚಾಚಿ ಕೂತ.

"ಅರ್ಧ ತಾಸಿನ್ಯಾಗ ಅಣ್ಣ ಬಂದ. ಭಾಳ ಮರ್ಯಾದಿಲೆ ಮಾತಾಡಿದ. ಕೂತು ಬಗೆಹರಿಸೋಣ ನಡೀರಿ, ನಿಮ್ಮನ್ನ ಸ್ಟೇಷನ್ನಿಗೆ ಬಿಡ್ತೀನಿ ಅಂದ. ತನ್ನ ಕಾರಿನ್ಯಾಗ ಕೂಡಿಸಿಕೊಂಡು ಹೋದ. ಆ ಮನಿಷ್ಯಾ ಹೋಗೂಮುಂದ ನನಗ ಕೈಮುಗಿದು ಹೋದ್ರು."

ಅವಳು ಸೆರಗಿನಿಂದ ಬಾಯಿ ಒತ್ತಿಕೊಂಡಳು.

"ಮರುದಿನ ಕೇಳಿದ್ರ ಅಣ್ಣ ಏನಂದ?"

"ಸ್ಟೇಷನ್ನಿನ ಮುಂದ ಇಳಿಸಿ ಬಂದೆ, ಮುಂದಿನದು ನನಗ ಗೊತ್ತಿಲ್ಲ ಅಂದ. ನಿಮ್ಮ ಮುಂದ ಬಾಯಿ ಬಿಟ್ಟರ ನಿನ್ನ ಗಂಡಗ ಕುತ್ತು ಅಂದ. ನಾ ನಂಬಿದೆ. ದಿನಾ ದೇವರ ಮುಂದ ದೀಪ ಹಚ್ಚೂಮುಂದ ನಂಬ್ತೀನಿ, ಹಚ್ಚಿ ತಿರುಗಿದ್ರ ಆಗೂದಿಲ್ಲ." ಅವಳು ಅವನನ್ನು ನೇರ ನೋಡಿದಳು. "ನಾ ಫೋನ್ ಮಾಡದಿದ್ರ ಅವರು ಇವತ್ತ ಇರ್ತಿದ್ದರಲ್ಲೇನ್ರಿ?"

ಅವನಿಗೆ ಉತ್ತರ ಗೊತ್ತಿತ್ತು. 

"ನಾ ಅವತ್ತ ಎಕ್ಕನಹಾಳದೋರನ್ನ ಹುಡಿಕ್ಕೊಂಡು ಹೋಗಿದ್ರ ನೀ ಫೋನ್ ಮಾಡೋ ಪ್ರಸಂಗ ಬರ್ತಿದ್ದಿಲ್ಲ," ಎಂದ. "ಅದನ್ನೂ ಲೆಕ್ಕಕ್ಕ ಹಿಡಿ."

ಹೊರಗೆ ಯಾವುದೋ ಸ್ಕೂಟರ್ ನಿಂತು ಮುಂದೆ ಹೋಯಿತು. ಗೋದಾವರಿ ಬೆಚ್ಚಿ ಕಿಟಕಿಯತ್ತ ನೋಡಿದಳು. ಆ ಬೆಚ್ಚುವಿಕೆ ಅವನ ಗಮನಕ್ಕೆ ಬಂತು.

"ಗೋದಾ, ಆ ಅಸಲಿ ಕಾಗದ ಏನಾತು? ಅಣ್ಣ ತಗೊಂಡನೇನು?"

ಅವಳು ಒಳಗೆ ಹೋದಳು. ಡಬ್ಬಿಗಳ ಸದ್ದಾಯಿತು. ಬಂದಾಗ ಅವಳ ಕೈಯಲ್ಲಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಹಾಳೆಗಳಿದ್ದವು. ಅವನ ತೊಡೆಯ ಮೇಲೆ ಇಟ್ಟಳು.

"ಅಣ್ಣ ಮೆಟ್ಟಿಲು ಹತ್ತೋ ಸಪ್ಪಳ ಕೇಳಿದ ಕೂಡ್ಲೆ ಆ ಮನಿಷ್ಯಾಗ ಏನನಿಸ್ತೋ. ಇದನ್ನ ನನ್ನ ಕೈಯಾಗ ಇಟ್ಟು, ರಾಯರಿಗಷ್ಟ ಕೊಡ್ರಿ ಅಕ್ಕಾರ, ಬ್ಯಾರೆ ಯಾರಿಗೂ ಬ್ಯಾಡ ಅಂದ್ರು. ನಾ ಯಾರಿಗೂ ಕೊಟ್ಟಿಲ್ಲ. ಅಣ್ಣ ಮೂರು ಸಲ ಕೇಳಿದ. ಅಂಥ ಕಾಗದಾನ ನೋಡಿಲ್ಲ ಅಂದೆ."

ಜಯತೀರ್ಥ ಬಟ್ಟೆ ಬಿಚ್ಚಿದ. ಹಳದಿಯಾದ ಹಾಳೆ, ಮಾಸಿದ ನೇರಳೆ ಹೆಬ್ಬೆಟ್ಟುಗಳು. ಬರಿಗಣ್ಣಿಗೇ ಅವೆಲ್ಲ ಒಂದೇ ಅಗಲ, ಒಂದೇ ಓರೆ, ಒಬ್ಬರೇ ಒತ್ತಿದಂತೆ. ಶಾಮಲಾಗೆ ಮೂರು ದಿನ ಬೇಕಾಗುವುದಿಲ್ಲ. ಒಂದು ಬೆಳಗು ಸಾಕು. ಆದರೆ ಈ ಕಾಗದ ಅವಳ ಮೇಜಿಗೆ ಹೋದರೆ ಅದರ ಕೆಳಗಿನ ಎರಡೂ ಸಹಿಗಳು ಜೊತೆಗೆ ಹೋಗುತ್ತವೆ. ಯಾರು ಫೋನ್ ಮಾಡಿದರು ಎಂಬುದೂ ಬರೆಯಬೇಕಾಗುತ್ತದೆ.

"ಇವತ್ತ ಮಧ್ಯಾಹ್ನ ಮತ್ತ ಫೋನ್ ಮಾಡಿದ್ದ," ಎಂದಳು ಗೋದಾವರಿ. "ನೀವು ನಾಚಾರಮ್ಮಿಗೆ ಹೋಗಿದ್ದು ಅವಗ ಆಗಲೇ ಗೊತ್ತಾಗಿತ್ತು. ಸಂಜಿಗೆ ಬರ್ತೀನಿ, ಮನೀ ಪೂರಾ ನಾನ ಹುಡುಕ್ತೀನಿ ಅಂದ. ಅಣ್ಣನ ದನಿ ಹಂಗ ನಾ ಎಂದೂ ಕೇಳಿಲ್ಲರಿ."

"ಎಷ್ಟು ಗಂಟೆಗೆ?"

ಅವಳು ಹೇಳುವ ಮೊದಲೇ ಕೆಳಗೆ ಕಾರಿನ ಬಾಗಿಲು ಮುಚ್ಚಿದ ಸದ್ದಾಯಿತು. ಒಂದಲ್ಲ, ಎರಡು ಬಾಗಿಲು. ಮೆಟ್ಟಿಲ ಮೇಲೆ ಬೂಟುಗಾಲಿನ ಸಪ್ಪಳ ನಿಧಾನವಾಗಿ ಏರಿ ಬಂತು. ಅದರ ಹಿಂದೆ ಇನ್ನೊಬ್ಬರದು.

"ಗೋದಾವರೀ," ಎಂದು ಪ್ರಾಣೇಶ ಹೊರಗಿನಿಂದ ಕರೆದ. ದನಿ ಮೆತ್ತಗಿತ್ತು. "ಜಯತೀರ್ಥರಾಯರು ಬಂದಾರೇನವಾ?"

ಗೋದಾವರಿ ಗಂಡನ ತೊಡೆಯ ಮೇಲಿದ್ದ ಹಾಳೆಗಳನ್ನು ನೋಡಿದಳು. ಆಮೇಲೆ ಅವನ ಮುಖ ನೋಡಿದಳು.

"ಏನಂತ ಹೇಳ್ಲಿ?" ಎಂದು ಪಿಸುಗುಟ್ಟಿದಳು.